ಗಂಟು ಬಂದಾಗ ಏನಾಗುತ್ತಿತ್ತು?

ಜನವರಿ 9

ಅಮ್ಮನಿಗೆ,

ನಾನು ಚೆನ್ನಾಗಿದೀನಿ. ನೀನೂ ಚಿಕ್ಕಮ್ಮನೂ ಜಗಳ ಆಡ್ಕೊಂಡು ಚೆನ್ನಾಗಿದೀರ ಅಂದ್ಕೊಂಡಿದೀನಿ. ಹೋದ ಭಾನುವಾರ ಫೋನಿನಲ್ಲಿ ನಾನು ಮೂರು ಸಲ "ಮಂಡಿ ನೋವು ಹೇಗಿದೆ" ಅಂತ ಕಿರುಚಿದೆ, ನೀನು ಮೂರು ಸಲ "ಜೋರಾಗಿ ಹೇಳೇ" ಅಂದೆ. ಪಕ್ಕದ ಮನೆಯವರು ಬಾಗಿಲು ತೆಗೆದು ನೋಡಿದ್ರು. ಕಾಲುಚೀಲದ ಫ್ಯಾಕ್ಟರೀಲಿ ಇಪ್ಪತ್ತೆರಡು ಮೆಷಿನ್ನಿನ ಸದ್ದನ್ನ ಇಪ್ಪತ್ತಾರು ವರ್ಷ ಕೇಳಿದ ಕಿವಿ ಅದು, ಅದರ ಜೊತೆ ಗುದ್ದಾಡೋಕೆ ನನ್ನ ಕೈಲಾಗಲ್ಲ. ಇನ್ಮೇಲೆ ಪತ್ರಾನೇ.

ಈಗ ವಿಷಯ. ನನಗೊಂದು ದೊಡ್ಡ ಕೇಸು ಬಂದಿದೆ. ಹೆಣಿಗೆ ಯಂತ್ರ ಮಾಡೋ ಕಂಪನಿಯವರದ್ದು. ಒಂಬತ್ತು ವರ್ಷದ ಹಿಂದೆ ಕಾಲುಚೀಲದ ಯಂತ್ರಕ್ಕೆ ಒಂದು ಹೊಸ ಭಾಗ ಮಾಡಿ ಪೇಟೆಂಟ್ ತಗೊಂಡಿದ್ದಾರೆ. ಅಂದ್ರೆ, ಇದನ್ನ ಮೊದಲು ಕಂಡುಹಿಡಿದವರು ನಾವು, ಇಷ್ಟು ವರ್ಷ ಬೇರೆ ಯಾರೂ ಮಾಡಿ ಮಾರೋ ಹಾಗಿಲ್ಲ ಅನ್ನೋ ಹಕ್ಕು. ಅದಕ್ಕೂ ಮೊದಲೇ ಬೇರೆ ಯಾರಾದ್ರೂ ಮಾಡಿದ್ರೆ ಈ ಹಕ್ಕು ಸಿಗಲ್ಲ. ಈಗ ಹನ್ನೊಂದು ಜನರ ಒಂದು ಸಣ್ಣ ವರ್ಕ್‌ಶಾಪು ಅದನ್ನೇ ನಕಲು ಹೊಡೀತಿದೆ ಅಂತ ಅವರ ದೂರು. ನಾನು ಕಂಪನಿಯ ಪರ. ಗೆದ್ದರೆ ಆಫೀಸಿನ ಬಾಗಿಲ ಪಕ್ಕದ ಬೋರ್ಡಿನಲ್ಲಿ ಪಾಲುದಾರರ ಜೊತೆ ನನ್ನ ಹೆಸರೂ ಬರತ್ತೆ ಅಂತ ಸೀನಿಯರ್ ಹೇಳಿದ್ದಾರೆ. ಹದಿಮೂರು ವರ್ಷದಿಂದ ಆ ಬೋರ್ಡಿನ ಕೆಳಗೇ ಕೊಡೆ ಒದರಿ ಒಳಗೆ ಹೋಗ್ತಿದೀನಿ ಅಮ್ಮ. ಆಸೆ ಇದೆ, ಸುಳ್ಳು ಯಾಕೆ ಹೇಳ್ಲಿ.

ಆಫೀಸಿನಲ್ಲಿ ಯಂತ್ರದ ಮಾತು ಬಂದ್ರೆ ಎಲ್ಲರೂ ನನ್ನ ಕಡೆ ತಿರುಗ್ತಾರೆ, ಇವಳು ಇಂಜಿನಿಯರಿಂಗ್ ಓದಿದವಳು ಅಂತ. ನಾನು ಯಾರ ಕಡೆ ತಿರುಗಲಿ? ಪೇಟೆಂಟಿನ ಚಿತ್ರದ ಪ್ರತಿ ಇದರ ಜೊತೆ ಇಟ್ಟಿದೀನಿ. ಗುಟ್ಟೇನಲ್ಲ, ಯಾರು ಬೇಕಾದ್ರೂ ನೋಡಬಹುದಾದ ಕಾಗದ. ಅದರ ಜೊತೆಗಿರೋ ಇಪ್ಪತ್ತು ಪುಟ ಬರವಣಿಗೆ ಕಳಿಸಿಲ್ಲ. ನಿನ್ನಂಥ ಫಿಟ್ಟರಿಗೆ ಚಿತ್ರ ಸಾಕು, ಅಕ್ಷರ ಕಂಡ್ರೆ ನಿನಗೆ ತಲೆನೋವು. ದಾರ ಹರಿದಾಗ ಇದು ಏನು ಮಾಡತ್ತೆ ಅಂತ ನಿನ್ನ ಭಾಷೇಲಿ ಬರೆದು ಕಳಿಸು.

ಮಂಡಿಗೆ ಎಣ್ಣೆ ಹಚ್ಚಿಸ್ಕೋ. ಚಿಕ್ಕಮ್ಮನ ಕೈಲಿ ಬೇಡ, ಅವರು ಹಿಟ್ಟು ನಾದಿದ ಹಾಗೆ ನಾದ್ತಾರೆ.

ನಿನ್ನ,
ಬೋಲ್ಟು

~

ಜನವರಿ 17

ಲೇ ಬೋಲ್ಟು,

ದಾರ ಹರಿದಾಗ ಏನು ಮಾಡತ್ತೆ ಅಂತ ನನ್ನನ್ನ ಕೇಳ್ತೀಯಲ್ಲೇ! ಇದು ನನ್ನ ಹೇರ್‌ಪಿನ್ನು ಕಣೆ! ಲಕೋಟೆ ಒಡೆದು ಚಿತ್ರ ನೋಡಿದವಳು ಹಾಗೇ ಮಂಚದ ಮೇಲೆ ಕೂತುಬಿಟ್ಟೆ. ನಿನ್ನ ಚಿಕ್ಕಮ್ಮ ಯಾರಿಗೋ ಏನೋ ಆಯ್ತು ಅಂತ ಹೆದರಿ ನೀರು ತಂದಳು, ಅರ್ಧ ನನ್ನ ಮೈಮೇಲೆ ಚೆಲ್ಲಿದಳು.

ಕೇಳು. ಆಗ ನೀನು ನಾಲ್ಕನೇ ಕ್ಲಾಸು, ಸಂಜೆ ಸ್ಕೂಲಿಂದ ನೇರ ಶೆಡ್ಡಿಗೆ ಬಂದು ನನ್ನ ಪಕ್ಕ ಡಬ್ಬದ ಮೇಲೆ ಕೂರ್ತಿದ್ದೆ. ಯಂತ್ರದಲ್ಲಿ ದಾರದ ಮೇಲೆ ಒಂದು ತಂತಿ ಕೂತಿರತ್ತೆ. ದಾರ ಹರಿದ್ರೆ ತಂತಿ ಬೀಳತ್ತೆ, ಯಂತ್ರ ನಿಲ್ಲತ್ತೆ. ಇದು ನಮ್ಮಜ್ಜಿ ಕಾಲದಿಂದಲೂ ಇದೆ. ತೊಂದರೆ ಏನಪ್ಪಾ ಅಂದ್ರೆ, ದಾರ ಸುಮ್ಮನೆ ಒಂದು ಗಳಿಗೆ ಸಡಿಲ ಆದ್ರೂ ತಂತಿ ದೊಪ್ ಅಂತ ಬೀಳೋದು. ದಿನಕ್ಕೆ ನೂರು ಸಲ ಯಂತ್ರ ನಿಲ್ಲೋದು. ಹುಡುಗೀರು ರೋಸಿಹೋಗಿ ತಂತಿನ ಬಟ್ಟೆ ಚೂರಲ್ಲಿ ಕಟ್ಟಿ ಹಾಕೋರು. ಆಮೇಲೆ ದಾರ ನಿಜವಾಗಿ ಹರಿದಾಗ ಯಂತ್ರ ನಿಲ್ಲದೆ ಹಿಮ್ಮಡಿ ಇಲ್ಲದ ಕಾಲುಚೀಲ ಹೊರಗೆ ಬರೋದು. ಸೂಪರ್‌ವೈಸರ್ ಅದನ್ನ ಹುಡುಗೀರ ಮೂಗಿನ ಮುಂದೆ ಆಡಿಸಿ ಬಾಯಿಗೆ ಬಂದ ಹಾಗೆ ಬಯ್ಯೋನು.

ಒಂದಿನ ನನಗೆ ತಡೀಲಿಲ್ಲ. ತಲೆಯಿಂದ ಹೇರ್‌ಪಿನ್ ಕಿತ್ತು ಬಗ್ಗಿಸಿ ತಂತಿ ಜಾಗದಲ್ಲಿ ಕೂರಿಸಿದೆ. ಹಳೇ ಟೋಪಿಯಿಂದ ಉಣ್ಣೆ ಬಟ್ಟೆ ಕತ್ತರಿಸಿ ಅದರ ಬುಡಕ್ಕೆ ಒತ್ತಿಟ್ಟೆ. ಪಿನ್ನು ಈಗ ದೊಪ್ ಅಂತ ಬೀಳಲ್ಲ, ಉಣ್ಣೆಗೆ ಉಜ್ಜಿಕೊಂಡು ನಿಧಾನ ಇಳಿಯತ್ತೆ. ದಾರ ಬರೀ ಸಡಿಲ ಆಗಿದ್ರೆ ಅಷ್ಟರಲ್ಲಿ ಬಿಗಿಯಾಗಿ ಪಿನ್ನನ್ನ ಎತ್ತಿಕೊಳ್ಳತ್ತೆ. ಹರಿದೇ ಹೋಗಿದ್ರೆ ಪಿನ್ನು ಪೂರ್ತಿ ಇಳಿದು ಯಂತ್ರ ನಿಲ್ಲಿಸತ್ತೆ. ಒಂದು ತಿಂಗಳಲ್ಲಿ ಇಪ್ಪತ್ತೆರಡು ಯಂತ್ರಕ್ಕೂ ಹಾಕಿದೆ. ಹುಡುಗೀರೆಲ್ಲ ತಲೆ ಬಿಚ್ಚಿ ಪಿನ್ ಕೊಟ್ರು, ಇಡೀ ಶೆಡ್ಡು ಕೂದಲು ಕೆದರಿಕೊಂಡು ಕೆಲಸ ಮಾಡಿತ್ತು.

ನೀನು ಕಳಿಸಿದ ಚಿತ್ರದಲ್ಲಿ ಅದೇ ಪಿನ್ನು, ಅದೇ ಬಾಗು, ಅದೇ ಉಣ್ಣೆ ತುಂಡು. ಒಂಬತ್ತು ವರ್ಷದ ಹಿಂದೆ ಕಂಡುಹಿಡಿದರಂತೆ! ಯಾರಪ್ಪನ ಮನೆ ಸ್ವತ್ತು ಅಂತ ಹಕ್ಕು ಬರೆಸ್ಕೊಂಡ್ರು? ನನ್ನ ಜೀವಮಾನದಲ್ಲಿ ನನ್ನದೂ ಅಂತ ಒಂದು ಕೆಲಸ ಮಾಡಿದ್ರೆ ಅದು ಆ ಪಿನ್ನು.

ಸಾಕ್ಷಿ ಇಲ್ಲ ಅಂದ್ಕೋಬೇಡ. ಒಂದೊಂದು ಯಂತ್ರಕ್ಕೂ ರಿಪೇರಿ ಕಾರ್ಡು ತೂಗುಹಾಕಿರ್ತಿತ್ತು, ಏನು ಮಾಡಿದ್ರೂ ತಾರೀಕು ಹಾಕಿ, ಚಿತ್ರ ಬಿಡಿಸಿ, ಸೂಪರ್‌ವೈಸರ್ ಸಹಿ ಹಾಕಿಸಬೇಕಿತ್ತು. ಫ್ಯಾಕ್ಟರಿ ಮುಚ್ಚಿದಾಗ ಅದನ್ನೆಲ್ಲ ಸುಡೋಕೆ ಹೊರಟಿದ್ರು, ನಾನು ಒಂದು ಕಟ್ಟು ಎತ್ತಿಕೊಂಡು ಬಂದೆ. ಪೆಟ್ಟಿಗೇಲಿದೆ. ಈಗ ಹೇಳು, ಏನು ಮಾಡೋಣ?

ಅಮ್ಮ

ಇದನ್ನು ಬರೀತಿರೋದು ಚಿಕ್ಕಮ್ಮ. ನೀರು ಅರ್ಧ ಚೆಲ್ಲಿಲ್ಲ, ನಾಲ್ಕು ಹನಿ ಅಷ್ಟೆ. ನಿಮ್ಮಮ್ಮ ಮೂರು ದಿನದಿಂದ ಸಿಕ್ಕಿದವರಿಗೆಲ್ಲ ಚಿತ್ರ ತೋರಿಸ್ತಿದಾಳೆ, ಹಾಲಿನವನಿಗೂ.

~

ಜನವರಿ 25

ಅಮ್ಮ,

ನಿನ್ನ ಪತ್ರ ಓದಿ, ಬಾಗಿಲು ಹಾಕ್ಕೊಂಡು ಇನ್ನೊಂದು ಸಲ ಓದಿದೆ.

ನಮ್ಮ ಕೆಲಸದಲ್ಲಿ ಮೊದಲನೇ ವರ್ಷವೇ ಒಂದು ಪಾಠ ಹೇಳಿಕೊಡ್ತಾರೆ: ಉತ್ತರ ಗೊತ್ತಿಲ್ಲದ ಪ್ರಶ್ನೆನ ಸಾಕ್ಷಿಗೆ ಕೇಳಬೇಡ. ನಾನು ಜೂನಿಯರ್‌ಗಳಿಗೆ ಅದನ್ನ ಹೇಳಿ ಹೇಳಿ ಬಾಯಿ ನೋಯಿಸ್ಕೊಂಡಿದೀನಿ. ಕೊನೆಗೆ ನಾನೇ ಕೇಳಿದೆ, ಅದೂ ನನ್ನ ಹೆತ್ತ ತಾಯಿನ.

ಈಗ ಪರಿಸ್ಥಿತಿ ಹೀಗಿದೆ. ನಿನ್ನ ಪಿನ್ನಿನ ವಿಷಯ ಆ ವರ್ಕ್‌ಶಾಪಿನವರಿಗೆ ಗೊತ್ತಾದ್ರೆ ಅವರು ನಿನ್ನನ್ನ ಸಾಕ್ಷಿಗೆ ಕರೀತಾರೆ. ಹೋಗು ಅಂತ ನಾನು ಅಂದ್ರೆ, ನನ್ನನ್ನ ನಂಬಿ ಬಂದ ಕಕ್ಷಿದಾರನಿಗೆ ದ್ರೋಹ. ಹೋಗಬೇಡ ಅಂದ್ರೆ, ಸಾಕ್ಷಿ ಮುಚ್ಚಿಟ್ಟ ಅಪರಾಧ, ಕರಿ ಕೋಟು ಬಿಚ್ಚಿಟ್ಟು ಮನೆಗೆ ಬರಬೇಕು. ಅದಕ್ಕೇ ನಾನು ಎರಡೂ ಹೇಳಲ್ಲ. ನೀನು ಬರೆದದ್ದನ್ನ ನನ್ನ ಸೀನಿಯರ್‌ಗೆ ಅವತ್ತೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕ್ಕೊಂಡು, "ಸದ್ಯಕ್ಕೆ ನಿಮ್ಮ ತಾಯಿ ಜೊತೆ ಬೇರೆ ಏನಾದ್ರೂ ಮಾತಾಡಿ" ಅಂದ್ರು.

ಒಂದು ಮಾತು ಮಾತ್ರ ಹೇಳಬಹುದು, ಹೇಳ್ತೀನಿ. ಆ ಕಾರ್ಡುಗಳನ್ನ ಹಾಳು ಮಾಡಬೇಡ, ತಿದ್ದಬೇಡ, ಯಾರ ಕೈಗೂ ಸುಮ್ಮನೆ ಕೊಡಬೇಡ. ಪೆಟ್ಟಿಗೆಗೆ ಬೀಗ ಹಾಕು. ಇದರ ಬಗ್ಗೆ ಇನ್ನು ನನಗೆ ಬರೀಬೇಡ.

ಕೋಪ ಮಾಡ್ಕೋತೀಯ ಅಂತ ಗೊತ್ತು.

ನಿನ್ನ ಮಗಳು

~

ಫೆಬ್ರವರಿ 3

ವಕೀಲಮ್ಮನೋರಿಗೆ,

ಬರೀಬೇಡ ಅಂದ್ರಿ, ಬರೀತಿದೀನಿ. ಏನು ಮಾಡ್ತೀರೋ ಮಾಡ್ಕೊಳ್ಳಿ.

ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಫ್ಯಾಕ್ಟರಿಗೆ ಬರ್ತಿದ್ದ ಇಂಜಿನಿಯರ್‌ಗಳ ಹಿಂದೆ ಸ್ಪ್ಯಾನರ್ ಹಿಡ್ಕೊಂಡು ನಿಂತು, ಅವರು ಹೋದ ಮೇಲೆ ಅವರು ಕೆಡಿಸಿದ್ದನ್ನ ಸರಿ ಮಾಡಿದವಳು. ನನ್ನ ಮಗಳು ಆ ಜಾಗದಲ್ಲಿ ನಿಲ್ಲಬೇಕು ಅಂತ ಎರಡೆರಡು ಪಾಳಿ ಮಾಡಿ ಓದಿಸಿದೆ. ನೀನು ನಿಂತೆ, ಎರಡೇ ವರ್ಷ. ಆಮೇಲೆ ನನಗೆ ಮಾತಿನ ಕೆಲಸ ಇಷ್ಟ ಅಂತ ಎದ್ದು ಹೋದೆ. ನಾನು ಏನಂದೆ? ಏನೂ ಅನ್ನಲಿಲ್ಲ. ಒಳಗೊಳಗೆ ಬೆಂದುಹೋದೆ. ಇವತ್ತು ಹೇಳ್ತಿದೀನಿ, ಬೆಂದುಹೋದೆ.

ಅಂಥಾ ಮಾತು ಕಲಿತು ಬಂದವಳ ಹತ್ತಿರ ನಾನೀಗ ಒಂದು ಮಾತು ಕೇಳ್ತಿದೀನಿ. ಹೋಗು ಅಂದ್ರೆ ಹೋಗ್ತೀನಿ. ಬೇಡ, ನನ್ನ ಬೋರ್ಡು ಹಾಳಾಗತ್ತೆ ಅಂತೀಯಾ, ಬಾಯಿ ಹೊಲ್ಕೊಂಡು ಕೂತಿರ್ತೀನಿ, ಕಾರ್ಡು ಒಲೆಗೆ ಹಾಕ್ತೀನಿ. ನನಗೆ ಪಿನ್ನಿಗಿಂತ ನೀನು ದೊಡ್ಡವಳು. ಕಾನೂನು ಗೀನೂನು ಬೇಡ. ನಿನ್ನ ಮನಸ್ಸಿಗೆ ಏನನ್ಸತ್ತೆ ಅಂತ ಒಂದೇ ಒಂದು ಪದ ಬರಿ.

ಅಮ್ಮ

~

ಫೆಬ್ರವರಿ 12

ಅಮ್ಮ,

ಇಲ್ಲಿ ಚಳಿ ಕಡಿಮೆ ಆಗಿದೆ. ನೀನು ಹೆಣೆದು ಕೊಟ್ಟ ಶಾಲನ್ನ ಆಫೀಸಿನ ಕುರ್ಚಿಗೇ ಹಾಕಿಟ್ಟಿದೀನಿ. ಅಡುಗೆಮನೆ ನಲ್ಲಿ ಸೋರ್ತಿತ್ತು. ಪ್ಲಂಬರ್ ನಾಳೆ ನಾಳೆ ಅಂತ ಹತ್ತು ದಿನ ಕಳೆದ, ಆಮೇಲೆ ನಾನೇ ಬಿಚ್ಚಿ ವಾಷರ್ ಬದಲಾಯಿಸಿದೆ. ಈಗ ಸೋರ್ತಿಲ್ಲ.

ಹೊಸ ಚಪ್ಪಲಿ ತಗೊಂಡೆ. ಎಡಗಾಲಿಗೆ ಕಚ್ಚತ್ತೆ. ಎದುರುಮನೆಯ ಮುದುಕರು ಬಾಲ್ಕನಿಯಲ್ಲಿ ಟೊಮ್ಯಾಟೊ ಬೆಳೆಸಿ ಒಂದು ಬುಟ್ಟಿ ತಂದುಕೊಟ್ರು. ಚಿಕ್ಕಮ್ಮನ ಕಣ್ಣಿನ ಪರೀಕ್ಷೆ ಯಾವಾಗ? ಡಾಕ್ಟರು ಬರೆದುಕೊಟ್ಟ ಹನಿ ದಿನಕ್ಕೆ ಎರಡು ಸಲ ಹಾಕಬೇಕು, ಒಂದು ಸಲ ಅಲ್ಲ.

ಈ ಪತ್ರ ಬರೆಯೋಕೆ ಕೂತು ನಾಲ್ಕು ದಿನ ಆಯ್ತು. ಇದಕ್ಕಿಂತ ಜಾಸ್ತಿ ಬರೆಯೋಕೆ ಆಗ್ತಿಲ್ಲ ಅಮ್ಮ.

ನಿನ್ನ ಮಗಳು

~

ಮಾರ್ಚ್ 2

ವಕೀಲಮ್ಮನೋರಿಗೆ,

ಚಪ್ಪಲಿ ಕಚ್ಚೋ ಸಮಾಚಾರ ತಿಳಿದು ತುಂಬಾ ಸಂತೋಷ ಆಯ್ತು. ಟೊಮ್ಯಾಟೊ ಬಂದದ್ದೂ ಗೊತ್ತಾಯ್ತು. ಹಿಂದೆ ಮುಂದೆ ತಿರುಗಿಸಿ ನೋಡಿದೆ, ದೀಪಕ್ಕೆ ಹಿಡಿದು ನೋಡಿದೆ, ನಾನು ಕೇಳಿದ್ದಕ್ಕೆ ಉತ್ತರ ಎಲ್ಲೂ ಇರಲಿಲ್ಲ.

ಸರಿ, ನಾನೇ ತೀರ್ಮಾನ ಮಾಡಿದೆ. ಹೋದ ಮಂಗಳವಾರ ಬಸ್ಸು ಹತ್ತಿ ಆ ವರ್ಕ್‌ಶಾಪಿಗೆ ಹೋದೆ. ವಿಳಾಸ ಹುಡುಕೋದು ಕಷ್ಟ ಆಗಲಿಲ್ಲ, ಹೆಣಿಗೆ ಯಂತ್ರದವರಿಗೆಲ್ಲ ಒಬ್ಬರಿಗೊಬ್ಬರು ಗೊತ್ತು. ತಗಡಿನ ಸೂರು, ಎರಡು ಲೇತು, ಒಂದು ಡ್ರಿಲ್ಲು, ಮೂಲೇಲಿ ಪರೀಕ್ಷೆಗೆ ಅಂತ ಓಡ್ತಿದ್ದ ಒಂದು ಕಾಲುಚೀಲದ ಯಂತ್ರ, ಗೋಡೆ ತುಂಬ ಗೆರೆ ಎಳೆದು ಸ್ಪ್ಯಾನರ್ ತೂಗುಹಾಕಿದಾರೆ. ನೆಲ ಎಷ್ಟು ಚೊಕ್ಕ ಗೊತ್ತಾ, ಒಂದು ಚೂರು ಲೋಹದ ಪುಡಿ ಇಲ್ಲ. ನೆಲ ನೋಡಿದ್ರೆ ಕೆಲಸಗಾರರು ಎಂಥವರು ಅಂತ ನನಗೆ ಗೊತ್ತಾಗಿಬಿಡತ್ತೆ. ನಡೆಸೋಳು ಒಬ್ಬ ಹೆಂಗಸು, ನಿನ್ನ ವಯಸ್ಸೇ ಇರಬೇಕು. ಗಂಡ ಮಾಡ್ತಿದ್ದ ಕೆಲಸ, ಅವನು ಹೋದ ಮೇಲೆ ಇವಳು ಹಿಡಿದಿದಾಳೆ. ಕೇಸು ಸೋತ್ರೆ ಬಾಗಿಲು ಹಾಕಬೇಕು, ಬೇರೆ ದಾರಿ ಇಲ್ಲ ಅಂದಳು. ಅತ್ತುಕೊಂಡು ಹೇಳಲಿಲ್ಲ, ಚಹಾ ಸೋಸ್ತಾ ಹೇಳಿದಳು.

ಕಾರ್ಡಿನ ಕಟ್ಟು ಅವಳ ಮೇಜಿನ ಮೇಲೆ ಇಟ್ಟೆ. ಹನ್ನೊಂದು ಜನವೂ ಕೆಲಸ ಬಿಟ್ಟು ಸುತ್ತ ನಿಂತ್ರು. ಅವರ ವಕೀಲರು ಓಡಿ ಬಂದ್ರು, ಎಳೇ ಮನುಷ್ಯ, ಪಾಪ, ಯಂತ್ರದ ಗಂಧ ಇಲ್ಲ. ಪೇಟೆಂಟಿನ ಪೂರ್ತಿ ಪುಸ್ತಕ ತೋರಿಸಿ ಓದ್ತೀರಾ ಅಂದ್ರು. ಚಿತ್ರ ನೋಡಿ ಆಗಿದೆಯಪ್ಪಾ, ಅಕ್ಷರ ಓದೋದೇನಿದೆ ಅಂದೆ. ಅವರಿಗೂ ಅದೇ ಬೇಕಿತ್ತು. ಮೇ ತಿಂಗಳಲ್ಲಿ ಕೋರ್ಟಿಗೆ ಬರಬೇಕಂತೆ.

ನಿನ್ನ ಬೋರ್ಡು ನಾನು ಕಿತ್ತುಹಾಕಿದೆ ಅನ್ನೋದು ನನಗೂ ಗೊತ್ತು. ನೀನು ಬೇಡ ಅಂದಿದ್ರೆ ಹೋಗ್ತಿರಲಿಲ್ಲ. ಆಣೆಗೂ ಹೋಗ್ತಿರಲಿಲ್ಲ.

ಅಮ್ಮ

ಚಿಕ್ಕಮ್ಮ ಬರೀತಿರೋದು. ಬಸ್ಸಿಂದ ಇಳಿದು ಬಂದವಳು ಗೋಡೆ ಕಡೆ ಮುಖ ಮಾಡಿ ಮಲಗಿ ಅತ್ತಳು. ಕೇಳಿದ್ರೆ ಧೂಳು ಬಿತ್ತು ಅಂತಾಳೆ. ನನ್ನ ಕಣ್ಣಿನ ಹನಿ ಅವಳಿಗೇ ಹಾಕ್ಲಾ?

~

ಮಾರ್ಚ್ 9

ಅಮ್ಮ,

ಸಾಕ್ಷಿಗಳ ಪಟ್ಟಿ ಬಂತು, ನಿನ್ನ ಹೆಸರಿತ್ತು. ನಾನು ಕೇಸಿನಿಂದ ಹೊರಗೆ ಬಂದೆ. ತಾಯಿ ಸಾಕ್ಷಿ ಹೇಳೋ ಕೇಸಿನಲ್ಲಿ ಮಗಳು ಎದುರು ನಿಲ್ಲೋ ಹಾಗಿಲ್ಲ. ಫೈಲನ್ನ ಆಫೀಸಿನಲ್ಲಿ ನಾವು ಮೀಸೆ ಅಂತ ಕರೆಯೋ ಸಹೋದ್ಯೋಗಿಗೆ ಒಪ್ಪಿಸಿದೆ. ಕೋರ್ಟಿನಲ್ಲಿ ನಿನ್ನನ್ನ ಪ್ರಶ್ನೆ ಕೇಳೋದು ಅವನು. ಒಳ್ಳೆಯವನೇ, ಆದ್ರೆ ಕೇಳಬೇಕಾದ್ದನ್ನ ಕೇಳದೆ ಬಿಡಲ್ಲ.

ಕೇಸು ಮುಗಿಯೋವರೆಗೂ ನಾನು ಪತ್ರ ಬರೆಯಲ್ಲ. ನೀನು ಹೋಗಿದ್ದಕ್ಕೆ ನನಗೆ ಕೋಪ ಇಲ್ಲ. ಇದಿಷ್ಟು ಬರೀಬಹುದು ಅಂತ ನನಗನ್ನಿಸಿತು.

ಬಸ್ಸಿನಲ್ಲಿ ಹೋಗುವಾಗ ಮಂಡಿಗೆ ಪಟ್ಟಿ ಕಟ್ಟಿಕೋ.

ಬೋಲ್ಟು

~

ಮೇ 21

ಲೇ,

ಕೇಸು ಮುಗಿಯೋವರೆಗೂ ನೀನು ಬರೆಯಲ್ಲ ಅಂದೆ, ನಾನು ಬರೆಯಲ್ಲ ಅಂದಿಲ್ಲ. ನನ್ನ ಸಾಕ್ಷಿ ನಿನ್ನೆ ಮುಗೀತು.

ಕೋರ್ಟು ನಾನು ಅಂದ್ಕೊಂಡಷ್ಟು ದೊಡ್ಡದಿರಲಿಲ್ಲ, ನಮ್ಮ ಫ್ಯಾಕ್ಟರಿಯ ಪ್ಯಾಕಿಂಗ್ ರೂಮಿನಷ್ಟಿತ್ತು. ಫ್ಯಾನಿನ ಬೇರಿಂಗ್ ಹೋಗಿದೆ. ನನಗೆ ಸದ್ದು ಕೇಳಿಸಲ್ಲ, ಅದು ಅಲ್ಲಾಡೋದು ನೋಡಿದ್ರೇ ಗೊತ್ತಾಗತ್ತೆ. ಜಡ್ಜು ಹೆಂಗಸು. ನಮ್ಮ ವಕೀಲರು ಕೇಳಿದ್ದಕ್ಕೆಲ್ಲ ಪಟಪಟ ಅಂತ ಹೇಳಿದೆ, ಕಾರ್ಡು ತೋರಿಸಿದೆ. ಜಡ್ಜು ಒಂದೊಂದು ಕಾರ್ಡನ್ನೂ ಕೈಗೆ ತಗೊಂಡು ನೋಡಿದ್ರು. ವರ್ಕ್‌ಶಾಪಿನವರು ಹಿಂದಿನ ಬೆಂಚಿನಲ್ಲಿ ಕೂತಿದ್ರು, ಹನ್ನೊಂದು ಜನ, ಎಲ್ಲರೂ ಇಸ್ತ್ರಿ ಬಟ್ಟೆ. ನಾನು ಅವರ ಕಡೆ ನೋಡಿ ಕಣ್ಣು ಮಿಟುಕಿಸಿದೆ. ಗೆದ್ದೇಬಿಟ್ಟೆ ಅಂದ್ಕೊಂಡಿದ್ದೆ ಕಣೆ.

ಆಮೇಲೆ ನಿಮ್ಮ ಮೀಸೆ ಎದ್ದ. ನನ್ನ ಗತಿ ಏನು? ನಾನು ತುಟಿ ನೋಡಿ ಮಾತು ತಿಳ್ಕೊಳ್ಳೋಳು, ಅವನ ತುಟಿ ಮೀಸೆ ಕೆಳಗೆ ಸೇರ್ಕೊಂಡಿದೆ. "ಸ್ವಾಮಿ, ಆ ಪರದೆ ಸ್ವಲ್ಪ ಎತ್ತಿ" ಅಂದೆ. ಜಡ್ಜು ಬಾಯಿಗೆ ಕೈ ಅಡ್ಡ ಇಟ್ಕೊಂಡ್ರು. ಪ್ರಶ್ನೆಗಳನ್ನ ಕಾಗದದಲ್ಲೇ ಕೊಡಿ ಅಂತ ಹೇಳಿದ್ರು. ಅವನು ಟೈಪ್ ಮಾಡಿದ ಒಂದು ಹಾಳೆ ನನ್ನ ಕೈಗೆ ಕೊಟ್ಟ. ಮೇಲಿನವು ಸುಲಭದವು, ನೀವು ಇಂಜಿನಿಯರಾ, ಎಷ್ಟು ವರ್ಷ ಕೆಲಸ ಮಾಡಿದ್ರಿ, ಅಂಥವು. ಹೇಳ್ತಾ ಹೋದೆ. ಕೊನೇದಕ್ಕೆ ಬಂದೆ.

"ದಾರದಲ್ಲಿ ಗಂಟು ಬಂದಾಗ ನಿಮ್ಮ ಪಿನ್ನಿಗೆ ಏನಾಗುತ್ತಿತ್ತು?"

ಮೂರು ಸಲ ಓದಿದೆ.

ದಾರದ ಒಂದು ಉಂಡೆ ಮುಗಿದ್ರೆ ಇನ್ನೊಂದಕ್ಕೆ ಗಂಟು ಹಾಕ್ತೀವಲ್ಲ, ಆ ಗಂಟು ಹಾದುಹೋಗುವಾಗ ನನ್ನ ಪಿನ್ನು ಟಣ್ ಅಂತ ಮೇಲೆ ಹಾರೋದು, ದಾರ ಅದರಿಂದ ಜಾರೋದು, ಯಂತ್ರ ನಿಲ್ಲೋದು. ನಾನು ಓಡಿ ಹೋಗಿ ಪಿನ್ನು ಕೂರಿಸಿ ಬರಬೇಕಿತ್ತು. ಎರಡು ವರ್ಷ ತಲೆ ಚಚ್ಚಿಕೊಂಡೆ, ಸರಿ ಮಾಡೋಕೆ ಆಗಲೇ ಇಲ್ಲ. ಅದು ಯಾವ ಕಾರ್ಡಿನಲ್ಲೂ ಇಲ್ಲ. ಆ ಶೆಡ್ಡಿನ ಹುಡುಗೀರು ಈಗ ಎಲ್ಲೆಲ್ಲಿದಾರೋ. "ಏನೂ ಆಗ್ತಿರಲಿಲ್ಲ, ನಡೀತಿತ್ತು" ಅಂತ ನಾನು ಅಂದುಬಿಟ್ಟಿದ್ರೆ ಕೇಳೋರೇ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಆ ಹನ್ನೊಂದು ಜನ ನನ್ನ ಬಾಯನ್ನೇ ನೋಡ್ತಿದ್ರು.

ಆಗಲಿಲ್ಲ ಕಣೆ. ನನ್ನ ಕೆಲಸದ ಬಗ್ಗೆ ನಾನೇ ಸುಳ್ಳು ಹೇಳೋಕೆ ನಾಲಿಗೆ ಏಳಲಿಲ್ಲ. "ಗಂಟು ಬಂದ್ರೆ ನಿಲ್ತಿತ್ತು" ಅಂದೆ. ಮೀಸೆ ಆ ಪೇಟೆಂಟಿನ ಪುಸ್ತಕದ ಕೊನೇ ಪುಟ ತೆಗೆದು ತೋರಿಸಿದ. ಪೇಟೆಂಟು ಕೊಟ್ಟಿರೋದು ಪಿನ್ನಿಗಲ್ಲವಂತೆ, ಉಣ್ಣೆಗಲ್ಲವಂತೆ. ಪಿನ್ನಿನ ಹಿಂದುಗಡೆ ಒಂದು ಅಕ್ಕಿಕಾಳಿನಷ್ಟು ಸ್ಪ್ರಿಂಗ್ ಇದೆ, ಗಂಟು ಬಂದು ಪಿನ್ನು ಹಾರಿದಾಗ ಅದನ್ನ ಹಿಡಿದು ವಾಪಸ್ ಕೂರಿಸತ್ತೆ, ಅದಕ್ಕಂತೆ. ನೀನು ಕಳಿಸಿದ್ದು ಮುಂದಿನ ಚಿತ್ರ. ಹಿಂದಿನದ್ದನ್ನ ನಾನು ನೋಡೇ ಇರಲಿಲ್ಲ, ಓದ್ತೀರಾ ಅಂದವರಿಗೆ ಬೇಡ ಅಂದಿದ್ದೆ.

ಎಂಥ ಚೆಂದದ ಉಪಾಯ ಅಂತೀಯ! ನನಗೆ ಅವಮಾನ ಆಗಬೇಕಿತ್ತು, ಬಾಯಲ್ಲಿ "ಅಬ್ಬಬ್ಬಾ" ಅಂತ ಬಂತು. "ಇದು ನಾನು ಮಾಡಿದ್ದಲ್ಲ. ಇದನ್ನ ಮಾಡಿದವರಿಗೆ ಕೈ ಮುಗೀಬೇಕು" ಅಂದೆ. ಮೀಸೆ ಕೂತ. ನಮ್ಮ ವಕೀಲರ ಮುಖ ಬಾಡಿಹೋಗಿತ್ತು.

ಇಳಿಯೋಕೆ ಅಂತ ಕಟಕಟೆ ಹಿಡ್ಕೊಂಡೆ, ಮಂಡಿ ಏಳಬೇಕಲ್ಲ. ಆಗ ಹೊಳೀತು. ಜಡ್ಜಿನ ಕಡೆ ತಿರುಗಿ, "ಅಮ್ಮಾ, ಈ ಸ್ಪ್ರಿಂಗು ಇವರ ಯಂತ್ರದಲ್ಲಿ ಎಲ್ಲಿದೆ? ನಾನು ಇವರ ವರ್ಕ್‌ಶಾಪಲ್ಲಿ ಕೂತಿದ್ದ ಹೊತ್ತಲ್ಲೇ ಗಂಟು ಬಂದು ನಾಲ್ಕು ಸಲ ನಿಲ್ತು, ನನ್ನದರ ಹಾಗೇ" ಅಂದೆ. ಜಡ್ಜು ಪೆನ್ನು ಕೆಳಗಿಟ್ಟು ಮೀಸೆನ ಕೇಳಿದ್ರು, "ನಿಮ್ಮ ಕಂಪನಿಯವರು ಇವರ ಯಂತ್ರದ ಹಿಂಭಾಗ ನೋಡಿದ್ದಾರಾ?" ನೋಡಿರಲಿಲ್ಲ ಕಣೆ! ಕ್ಯಾಟಲಾಗಿನ ಫೋಟೋ ನೋಡಿ ಕೇಸು ಹಾಕಿದ್ರಂತೆ. ಈಗ ಕೋರ್ಟಿನವರೇ ಹೋಗಿ ಯಂತ್ರ ಬಿಚ್ಚಿ ನೋಡ್ತಾರಂತೆ.

ಇಷ್ಟೆಲ್ಲ ಆಯ್ತು. ಈಗ ನನ್ನ ಮಾತಿಗೆ ಉತ್ತರ ಕೊಡು. ಆ ಪ್ರಶ್ನೆ ಮೀಸೇದಲ್ಲ. ಯಂತ್ರದ ಪಕ್ಕ ಕೂತು ನೋಡದೆ ಇದ್ದವರಿಗೆ ದಾರದಲ್ಲಿ ಗಂಟು ಇರತ್ತೆ ಅನ್ನೋದೇ ತಲೆಗೆ ಹೋಗಲ್ಲ. ಆ ಪ್ರಶ್ನೆ ನಿನ್ನದು. ನನ್ನನ್ನ ಬೀಳಿಸೋಕೆ ಬರೆದೆಯಾ? ನಿಜ ಹೇಳು.

ಅಮ್ಮ

~

ಜೂನ್ 30

ಅಮ್ಮ,

ಕೇಸು ಮುಗೀತು, ಇನ್ನು ಬರೀಬಹುದು. ಯಂತ್ರ ಬಿಚ್ಚಿ ನೋಡಿದ್ರು, ಸ್ಪ್ರಿಂಗ್ ಇರಲಿಲ್ಲ. ಕಂಪನಿಯ ಪೇಟೆಂಟು ಉಳೀತು, ವರ್ಕ್‌ಶಾಪೂ ಉಳೀತು. ಅವರು ಮಾಡ್ತಿರೋದು ನಿನ್ನ ಪಿನ್ನು, ಅದು ಮೂವತ್ತು ವರ್ಷದಿಂದ ಇರೋದು, ಯಾರು ಬೇಕಾದ್ರೂ ಮಾಡಬಹುದು ಅಂತ ಜಡ್ಜು ತೀರ್ಪಿನಲ್ಲಿ ಬರೆದಿದ್ದಾರೆ. ನಿನ್ನ ಹೆಸರು ಹಾಕಿ ಬರೆದಿದ್ದಾರೆ. ಪ್ರತಿ ಇಟ್ಟಿದೀನಿ.

ಪ್ರಶ್ನೆ ನನ್ನದೇ. ಫೈಲು ಒಪ್ಪಿಸೋ ದಿನ ಬರೆದೆ. ಕೇಸು ಬಿಟ್ಟುಕೊಡುವಾಗ ನಮಗೆ ತಿಳಿದದ್ದನ್ನೆಲ್ಲ ಬರೆದುಕೊಡಬೇಕು. ಎಲ್ಲ ಬರೆದಿದ್ದೆ, ಅದೊಂದು ಬಿಟ್ಟು. ನಾನು ಡಬ್ಬದ ಮೇಲೆ ಕೂತು ಹೋಂವರ್ಕ್ ಮಾಡುವಾಗ ನೀನು "ಹಾಳಾದ ಗಂಟು" ಅಂತ ಬಯ್ಕೊಂಡು ಎದ್ದು ಓಡ್ತಿದ್ದದ್ದು ನನಗೆ ನೆನಪಿತ್ತು. ನೀನು ಪಿನ್ನಿನ ಬಗ್ಗೆ ಬರೆದ ದಿನವೇ ನೆನಪಾಗಿತ್ತು. ಪೇಟೆಂಟಿನ ಕೊನೇ ಪುಟ ನೀನು ನೋಡಿಲ್ಲ ಅನ್ನೋದೂ ಗೊತ್ತಿತ್ತು. ಗೊತ್ತಿದ್ದೂ ನಿನಗೆ ಹೇಳೋ ಹಾಗಿರಲಿಲ್ಲ. ಆ ಪ್ರಶ್ನೆ ಬರೆಯದೆ ಬಿಟ್ಟಿದ್ರೆ ಭೂಮಿ ಮೇಲೆ ಯಾರಿಗೂ ತಿಳೀತಿರಲಿಲ್ಲ. ನೀನು ತಲೆ ಎತ್ತಿಕೊಂಡು ಕೋರ್ಟಿಂದ ಹೊರಗೆ ಬರ್ತಿದ್ದೆ. ಎರಡು ಗಂಟೆ ಪೆನ್ನು ಹಿಡ್ಕೊಂಡು ಕೂತಿದ್ದೆ. ಆಮೇಲೆ ಬರೆದೆ.

ವರ್ಕ್‌ಶಾಪಿನ ಯಂತ್ರದಲ್ಲಿ ಸ್ಪ್ರಿಂಗ್ ಇಲ್ಲ ಅನ್ನೋದು ನನಗೆ ಮೊದಲೇ ಗೊತ್ತಿತ್ತು ಅಂತ ಹೇಳಿದ್ರೆ ನಾನು ಒಳ್ಳೆಯವಳಾಗ್ತೀನಿ. ಗೊತ್ತಿರಲಿಲ್ಲ ಅಮ್ಮ. ಕಂಪನಿ ಹೇಳಿದ್ದನ್ನ ನಂಬಿದ್ದೆ, ಯಂತ್ರದ ಹಿಂದೆ ಹೋಗಿ ನೋಡಬೇಕಾದವಳು ನಾನು, ನೋಡಲಿಲ್ಲ. ಆ ಪ್ರಶ್ನೆಯಿಂದ ನೀನು ಸೋಲ್ತೀಯ, ಆ ಹನ್ನೊಂದು ಜನ ಸೋಲ್ತಾರೆ ಅಂತ ತಿಳಿದೇ ಬರೆದೆ. ನೀನು ಸುಳ್ಳು ಹೇಳಲ್ಲ ಅನ್ನೋದೂ ಗೊತ್ತಿತ್ತು. ಕ್ಷಮಿಸ್ತೀಯಾ?

ಬೋರ್ಡಿನಲ್ಲಿ ಮೀಸೆಯ ಹೆಸರು ಬಂತು. ಸೀನಿಯರ್ ನನ್ನನ್ನ ಕರೆದು ಮುಂದಿನ ವರ್ಷ ನೋಡೋಣ ಅಂದ್ರು. ನೋಡೋಣ.

ಬೋಲ್ಟು

~

ಜುಲೈ 11

ಲೇ ಬೋಲ್ಟು,

ತೀರ್ಪಿನ ಇಪ್ಪತ್ತೇಳು ಪುಟಾನೂ ಓದಿದೆ. ಒಂದಕ್ಷರ ಬಿಡಲಿಲ್ಲ. ಐದು ದಿನ ಹಿಡೀತು. ನಿನ್ನ ಚಿಕ್ಕಮ್ಮ ನನ್ನ ಹೆಸರಿರೋ ಪುಟಾನ ಕನ್ನಡಿ ಪಕ್ಕ ಅಂಟಿಸಿದಾಳೆ.

ಕ್ಷಮಿಸ್ತೀಯಾ ಅಂತ ಕೇಳಿದೀಯ. ಕೋರ್ಟಿಂದ ಬಂದ ರಾತ್ರಿ ನನಗೆ ನಿನ್ನ ಮೇಲೆ ಕೆಂಡದಂಥ ಕೋಪ ಬಂದಿದ್ದು ನಿಜ. ಹೆತ್ತವಳ ಮೇಲೇ ಬರೆದಳಲ್ಲ ಅಂತ. ಆ ಕೋಪ ಎರಡು ದಿನ ಇತ್ತು, ಪತ್ರದಲ್ಲಿ ತೋರಿಸಲಿಲ್ಲ ಅಷ್ಟೆ. ಆಮೇಲೆ ಯೋಚನೆ ಮಾಡಿದೆ. ನನ್ನ ಕೈ ಕೆಳಗೆ ಎಷ್ಟು ಜನ ಫಿಟ್ಟರ್‌ಗಳು ಬಂದು ಹೋದ್ರು. ಯಂತ್ರದಲ್ಲಿ ಒಂದು ತಪ್ಪು ಕಂಡ್ರೆ, ಅದು ಯಾರ ಯಂತ್ರ ಆದ್ರೂ, ಯಾರು ಬಯ್ದರೂ, ಕಾರ್ಡಿನಲ್ಲಿ ಬರೀಲೇಬೇಕು ಅಂತ ಎಲ್ಲರಿಗೂ ಹೇಳಿದೆ. ಗುಣ ಇದ್ದವರು ಬರೆದ್ರು, ಮಿಕ್ಕವರು ನೋಡದ ಹಾಗೆ ಹೋದ್ರು. ನೀನು ಬರೆದೆ. ನನ್ನ ಯಂತ್ರದ ಮೇಲೇ ಬರೆದೆ. ನೀನು ಬರೀದೆ ಬಿಟ್ಟು, ಅದು ಆಮೇಲೆ ನನಗೆ ಗೊತ್ತಾಗಿದ್ರೆ ಆಗ ಕ್ಷಮಿಸ್ತಿರಲಿಲ್ಲ.

ಇನ್ನೊಂದು ಹೇಳಬೇಕು, ಅವತ್ತಿನ ಪತ್ರದಲ್ಲಿ ಬರೆಯೋಕೆ ಮನಸ್ಸು ಬರಲಿಲ್ಲ. ಸಾಕ್ಷಿ ಮುಗಿಸಿ ಹೊರಗೆ ಬಂದು ಬೆಂಚಿನ ಮೇಲೆ ಕೂತಿದ್ದೆ. ವರ್ಕ್‌ಶಾಪಿನ ಹೆಂಗಸು ನೀರು ತಂದುಕೊಟ್ಟು ಪಕ್ಕದಲ್ಲಿ ಕೂತು, ನಿಮಗೆ ಮಕ್ಕಳೆಷ್ಟು ಅಂದಳು. ಒಬ್ಬಳೇ ಮಗಳು ಅಂದೆ. ಏನು ಮಾಡ್ತಾಳೆ ಅಂದಳು. ಹದಿನಾರು ವರ್ಷದಿಂದ ಯಾರು ಕೇಳಿದ್ರೂ ನಾನು "ಇಂಜಿನಿಯರ್ ಆಗಿದ್ದಳು, ಬಿಟ್ಟಳು" ಅಂತಲೇ ಹೇಳ್ತಾ ಬಂದಿದೀನಿ. ನಿನಗೆ ಗೊತ್ತಿಲ್ಲ. ಅದನ್ನ ಹೇಳಿದಾಗೆಲ್ಲ ನಿನಗೆ ಬೇಕಂತಲೇ ಒಂದು ಏಟು ಹೊಡೆದ ಹಾಗೆ ಇರ್ತಿತ್ತು ನನಗೆ. ನನ್ನ ಕೈಲಿ ಆ ಪ್ರಶ್ನೆ ಹಾಳೆ ಇನ್ನೂ ಇತ್ತು, ವಾಪಸ್ ಕೊಡೋದು ಮರೆತಿದ್ದೆ.

"ಇಂಜಿನಿಯರು" ಅಂದೆ. "ಕೋರ್ಟಲ್ಲಿ ಕೆಲಸ ಮಾಡ್ತಾಳೆ."

ಅಮ್ಮ